ಲಿಂಗಣ್ಣನ ನೂರಾ ಹನ್ನೊಂದು ಸೋಮವಾರಗಳು

ನಮ್ಮೂರಿನಲ್ಲಿ ಮಳೆ ಬಂತೋ ಇಲ್ಲವೋ ಎಂದು ತಿಳಿಯಬೇಕಾದರೆ ಆಕಾಶ ನೋಡಿದರೆ ಸಾಲದು, ಲಿಂಗಣ್ಣನನ್ನು ಕೇಳಬೇಕು. ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸು ನಮ್ಮನ್ನು ಡಾಂಬರು ರಸ್ತೆಯ ಮೇಲೆಯೇ ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿಗೆ ಎರಡು ಕಿಲೋಮೀಟರ್ ಎರೆಮಣ್ಣಿನ ದಾರಿ. ಆ ದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ತಲೆಯಿಂದ ಕಾಲಿನವರೆಗೆ ತೊಯ್ದು ಬಂದವನಿಗೂ ಲಿಂಗಣ್ಣ ಹೇಳುತ್ತಿದ್ದುದು ಒಂದೇ ಮಾತು: “ಈಗೇನೂ ಹೇಳಾಕ ಬರಂಗಿಲ್ಲ. ಮುಂಜಾನಿ ಎಂಟೂವರಿಗಿ ಬರ್ರಿ.”

ಮೂವತ್ತು ವರ್ಷದಿಂದ ಆತ ಮುಂಜಾನೆ ಎಂಟೂವರೆಗೆ ಮಳೆ ಅಳೆಯುತ್ತಿದ್ದ. ಸರ್ಕಾರ ಕೊಟ್ಟ ಮಳೆಮಾಪಕವನ್ನು ಮೊದಲು ಶಾಲೆಯ ಆವರಣದಲ್ಲಿ ಇಡಬೇಕೆಂದಿತ್ತಂತೆ. ಶಾಲೆಯ ಹುಡುಗರ ಸ್ವಭಾವ ಬಲ್ಲ ಆಗಿನ ಹೆಡ್ ಮಾಸ್ತರರು ಕೈಮುಗಿದುಬಿಟ್ಟರು. ಹಾಗಾಗಿ ಅದು ಲಿಂಗಣ್ಣನ ಅಂಗಳಕ್ಕೆ ಬಂತು. ಮೊಣಕಾಲೆತ್ತರದ ಡಬ್ಬಿ, ಮೇಲೆ ಹಿತ್ತಾಳೆ ಅಂಚಿನ ಅಗಲ ಬಾಯಿ, ಒಳಗೆ ಒಂದು ಸೀಸೆ. ಸೀಸೆಯಲ್ಲಿ ಸೇರಿದ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಓದಬೇಕು. ಲಿಂಗಣ್ಣ ಅದರ ಸುತ್ತ ತಂತಿ ಬೇಲಿ ಹಾಕಿದ. ಬೇಲಿಯೊಳಗೆ ಬೆಕ್ಕು ಸಹ ಕಾಲಿಡಬಾರದೆಂದು ಮನೆಯಲ್ಲಿ ಕಟ್ಟಾಜ್ಞೆ ಮಾಡಿದ. ಆ ಆಜ್ಞೆಯನ್ನು ಆತನ ಹೆಂಡತಿ ಮಲ್ಲೇಶ್ವರಿ ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ಕೊನೆಗೆ ಕೆಟ್ಟಿದ್ದೆಲ್ಲ ಆ ನಿಷ್ಠೆಯಿಂದಲೇ ಕೆಟ್ಟಿತು.

ನಾನು ಊರ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವನು. ಹೇಳುವವನು ಎಂದಷ್ಟೇ ಅಂದೆ, ಬಲ್ಲವನು ಎಂದಿಲ್ಲ. ಸಂಜೆ ಹೊತ್ತು ಕಳೆಯಲು ಲಿಂಗಣ್ಣನ ಕಟ್ಟೆಗೆ ಹೋಗುತ್ತಿದ್ದೆ. ಅಲ್ಲಿ ವರ್ಷಗಟ್ಟಲೆ ಒಂದೇ ಜಗಳ. ಕುರಿ ಮೇಯಿಸುವ ಬೀರಣ್ಣ ಬಂದು ಕೂತು, ತಲೆಯ ಟವೆಲ್ಲು ಕೊಡವಿ ಶುರುಮಾಡುತ್ತಿದ್ದ.

“ಶ್ರಾವಣ ಸತ್ತು ಹೋತು ಲಿಂಗಣ್ಣ. ಮೊದಲ ಶ್ರಾವಣದಾಗ ಮನಿ ಬಿಟ್ಟು ಹೊರಗ ಹೋಗಾಕ ಆಗ್ತಿದ್ದಿಲ್ಲ. ಈಗ ನನ್ನ ಕುರಿ ಮೈಗಿ ಹನಿ ಬಿದ್ದು ಇಪ್ಪತ್ತು ದಿನಾತು.”

“ನಿನ್ನ ಕುರಿ ಏನ್ ರಜಿಸ್ಟರ್ ಇಟ್ಟಾವೇನು?” ಲಿಂಗಣ್ಣ ಒಳಗೆ ಹೋಗಿ ಪುಸ್ತಕ ತಂದು ಬೆರಳು ಇಡುತ್ತಿದ್ದ. “ನೋಡು. ಹೋದ ಸೋಮವಾರ ಮೂರು ಪಾಯಿಂಟ್ ಎರಡು. ಅದರ ಹಿಂದಿನ ಸೋಮವಾರ ಎರಡು ಪಾಯಿಂಟ್ ಎಂಟು. ಶ್ರಾವಣದಾಗ ಮಳಿ ದಿನ ಎಷ್ಟು ಮೊದಲಿದ್ವೋ ಅಷ್ಟ ಅದಾವ.”

“ಹೋದ ಸೋಮವಾರ ನಾ ಬಯಲಾಗ ಮಲಗಿದ್ದೆ ಮಾರಾಯ! ಕಂಬಳಿ ಒಣಾ ಇತ್ತು.”

“ನಸುಕಿನ್ಯಾಗ ಬಂದು ಹೋಗ್ಯಾದ. ನೀ ನಿದ್ದಿಯೊಳಗಿದ್ದಿ.”

ಇಂಥ ಹೊತ್ತಿನಲ್ಲಿ ಇಬ್ಬರೂ ನನ್ನ ಕಡೆ ತಿರುಗುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಮೋಡ ಒಂದು ಓಣಿಗೆ ಸುರಿದು ಮತ್ತೊಂದು ಓಣಿ ಬಿಡುವುದುಂಟೆಂದೂ, ಎರೆಮಣ್ಣು ನೀರನ್ನು ಗುರುತಿಲ್ಲದಂತೆ ಹೀರುವುದೆಂದೂ, ಮನುಷ್ಯನ ನೆನಪಿಗಿಂತ ಉಪಕರಣ ದೊಡ್ಡದೆಂದೂ ವಿವರಿಸುತ್ತಿದ್ದೆ. ಬೀರಣ್ಣ ನನ್ನನ್ನು ಕುಂಟು ಕುರಿಯನ್ನು ನೋಡುವಂತೆ ನೋಡಿ ಎದ್ದುಹೋಗುತ್ತಿದ್ದ.

ಕಟ್ಟೆಯ ಜಗಳ ಕಟ್ಟೆಯಲ್ಲೇ ಉಳಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಎರಡು ವರ್ಷದ ಹಿಂದೆ ಒಂದು ಯೋಜನೆ ಬಂತು. ಹವಾಮಾನ ಬದಲಾಗಿ ಮಳೆ ತಪ್ಪಿದ ಊರುಗಳದೊಂದು ಪಟ್ಟಿ ಮಾಡುವುದು, ಪಟ್ಟಿಯಲ್ಲಿರುವ ಊರುಗಳಿಗೆ ಕೆರೆ ಹೂಳು ತೆಗೆಸಿ, ಹೊಲಕ್ಕೆ ಹೊಂಡ ತೋಡಿಸಿ, ಬೇಗ ಬರುವ ತೊಗರಿಯ ಬೀಜ ಕೊಡುವುದು. ಪಟ್ಟಿಗೆ ಆಧಾರ ಮಳೆಯ ದಿನಗಳ ಲೆಕ್ಕ. ಎರಡೂವರೆ ಮಿಲಿಮೀಟರ್ ಮುಟ್ಟಿದರೆ ಅದು ಮಳೆಯ ದಿನ, ಮುಟ್ಟದಿದ್ದರೆ ಇಲ್ಲ. ನಮ್ಮ ಕೆರೆಯಲ್ಲಿ ಹೂಳು ಎಷ್ಟಿತ್ತೆಂದರೆ ಮಕ್ಕಳು ಅದರ ನಡುವೆ ಕ್ರಿಕೆಟ್ ಆಡುತ್ತಿದ್ದರು. ಊರಿಗೆ ಆ ಪಟ್ಟಿ ಬೇಕಿತ್ತು.

ಶಹಾಪುರದಲ್ಲಿ ಸಭೆ ಆಯಿತು. ಪಟ್ಟಿ ಮಾಡುವ ಸಮಿತಿಯಲ್ಲಿ ಬೀಜ-ಗೊಬ್ಬರದ ಅಂಗಡಿಯ ಸಾವುಕಾರ ಸಂಜೀವಕುಮಾರರೂ ಇದ್ದರು. ಹವಾಮಾನ ಬದಲಾವಣೆ ಪರದೇಶದವರು ಕಟ್ಟಿದ ಕತೆ ಎಂಬುದು ಅವರ ಗಟ್ಟಿ ಅಭಿಪ್ರಾಯ. “ಅವರ ಊರಾಗ ಬರ್ಫ ಕರಗಿದ್ರ ನಾವ್ಯಾಕ ಅಳಬೇಕು?” ಎಂದು ಕೇಳುತ್ತಿದ್ದರು. ಅಂಥವರ ಕೈಗೆ ಲಿಂಗಣ್ಣನ ರಜಿಸ್ಟರು ಸಿಕ್ಕಿತು. ಸುತ್ತಲಿನ ಹತ್ತು ಊರುಗಳಲ್ಲಿ ಶ್ರಾವಣದ ಮಳೆದಿನ ಇಳಿದಿವೆ. ಈ ಊರಿನಲ್ಲಿ ಮಾತ್ರ ಒಂದಿಷ್ಟೂ ಇಳಿದಿಲ್ಲ. ಒಂದು ದಿನವೂ ತಪ್ಪದ ದಾಖಲೆ, ಮುತ್ತು ಪೋಣಿಸಿದಂಥ ಅಕ್ಷರ. ಸಾವುಕಾರರು ಎದ್ದು ಲಿಂಗಣ್ಣನಿಗೆ ಶಾಲು ಹೊದಿಸಿದರು. “ಖರೇ ಹೇಳೋ ಮನುಷ್ಯ ಇಂವ ಒಬ್ಬನ!” ಎಂದರು. ದಾಖಲೆ ನಂಬಲರ್ಹವೆಂದು ಪತ್ರ ಬರೆದುಕೊಟ್ಟ ವಿಜ್ಞಾನ ಶಿಕ್ಷಕ ಯಾರೆಂದು ನಾನು ಬೇರೆ ಹೇಳಬೇಕಿಲ್ಲ.

ಕರಡು ಪಟ್ಟಿಯಿಂದ ನಮ್ಮೂರಿನ ಹೆಸರು ಬಿತ್ತು. ಊರಿನವರು ಲಿಂಗಣ್ಣನ ಜೊತೆ ಮಾತು ಬಿಟ್ಟರು. ಬೀರಣ್ಣ ಕಟ್ಟೆಗೆ ಬರುವುದು ನಿಲ್ಲಿಸಿದ. ಲಿಂಗಣ್ಣನಿಗೂ ನೋವಾಗದೆ ಇರಲಿಲ್ಲ. ಆತನ ಹೊಲವೂ ಅದೇ ಕೆರೆಯ ಕೆಳಗೇ ಇತ್ತು. “ಏನ್ ಮಾಡ್ಲಿ ಮಾಸ್ತರ? ಊರಿಗಿ ಬೇಕಂತ ಕಡಿಮಿ ಬರೀಲೇನು?” ಎಂದ. ಬರೆಯಬಾರದು ಎಂದೆ. ಆಗ ನಾವಿಬ್ಬರೂ ಸತ್ಯದ ಪರವಾಗಿದ್ದೆವು. ಸತ್ಯ ನಮ್ಮ ಪರವಾಗಿದೆಯೇ ಎಂದು ಕೇಳಿಕೊಂಡಿರಲಿಲ್ಲ.

ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಆ ಯೋಜನೆಯ ಮಳೆ ಅಂಕಿ ಪರೀಕ್ಷಿಸುವ ದೇವಿಕಾ ಎಂಬ ಹುಡುಗಿ ಊರಿಗೆ ಬಂದಳು. ಯಾದಗಿರಿಯಿಂದ ಬೆಳಗಿನ ಬಸ್ಸಿಗೆ ಬಂದು, ಲಿಂಗಣ್ಣನ ಪಡಸಾಲೆಯಲ್ಲಿ ಕೂತು, ಲ್ಯಾಪ್‌ಟಾಪ್ ತೆರೆದಳು. ನಾನೂ ಇದ್ದೆ.

“ಕಾಕಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಐತವಾರ ನೀವು ಅಳತಿ ಮಾಡಾಕ ಬ್ಯಾಸರಾಗಿ ಬಿಟ್ಟುಬಿಡ್ತಿದ್ರೇನ್ರಿ?”

ಲಿಂಗಣ್ಣನ ಕಿವಿ ಕೆಂಪಾದವು. “ಯಾಕವಾ?”

“ಕೆಲವರು ಹಾಂಗ ಮಾಡ್ತಾರ್ರಿ. ಐತವಾರದ್ದೂ ಸೇರ್ಸಿ ಸೋಮವಾರ ಬರೀತಾರ. ಅದಕ್ಕ ನಾವು ವಾರ ನೋಡ್ತೀವಿ. ನಿಮ್ಮ ಊರಾಗ ಸೋಮವಾರ ಮಳಿ ಭಾಳ ಅದ.”

“ನನ್ನ ಲಗ್ನ ಐತವಾರ ಆಗ್ಯಾದ. ಅಕ್ಕಿಕಾಳು ಬೀಳೋಕಿಂತ ಮೊದಲ ಎದ್ದು ಬಂದು ಅಳತಿ ಬರದು ಹೋಗೀನಿ. ಕೇಳವಾ ಬೇಕಂದ್ರ ಇಕೀನ್ನ!”

“ಖರೇನ ಇರಬೇಕ್ರಿ. ಬ್ಯಾರೆ ತಿಂಗಳಾಗ ಸೋಮವಾರ ಎಲ್ಲಾ ವಾರದಂಗ ಅದ. ಜುಲೈ ಕಡಿಂದ ಸೆಪ್ಟೆಂಬರ್ ಮೊದಲ ತನಕ ಅಷ್ಟ ಹೆಚ್ಚು. ಅದ ನನಗ ತಿಳೀವಲ್ದು.”

ನಾನು ಸುಮ್ಮನಿರಬಹುದಿತ್ತು. “ಶ್ರಾವಣ ಸೋಮವಾರ ಅಲ್ಲೇನ್ರಿ, ಶಿವನ ಬಂದು ಸುರದು ಹೋಗ್ತಿರಬೇಕು” ಎಂದು ನಕ್ಕೆ. ಯಾರೂ ನಗಲಿಲ್ಲ. ಇಪ್ಪತ್ತು ವರ್ಷದ ನನ್ನ ವಿಜ್ಞಾನದ ವಿವರಣೆಗಳಲ್ಲಿ ನಿಜಕ್ಕೆ ತೀರ ಹತ್ತಿರ ಬಂದದ್ದು ಅದೊಂದೇ.

ಚಹಾದ ತಟ್ಟೆ ಹಿಡಿದು ಬಂದಿದ್ದ ಮಲ್ಲೇಶ್ವರಿ ಬಾಗಿಲಲ್ಲೇ ನಿಂತಳು. “ಸೋಮವಾರದ್ದು ನಂದ ಇರಬೇಕ್ರಿ” ಎಂದಳು.

“ಏನ್ ನಿಂದು?” ಲಿಂಗಣ್ಣ ತಿರುಗಿದ.

“ನೀರು.”

ಹಬ್ಬದ ಅಡುಗೆಯ ಬಗ್ಗೆ ಹೇಳುವಷ್ಟೇ ಸರಾಗವಾಗಿ ಹೇಳಿದಳು. “ಶಿವಲಿಂಗಕ್ಕ ಎರದ ನೀರು ತುಳಿಯೋ ಜಾಗಾದಾಗ ಚೆಲ್ಲಬಾರದಲ್ರಿ. ಶ್ರಾವಣ ಸೋಮವಾರ ನಸುಕಿನ್ಯಾಗ ಎದ್ದು ಗಿಂಡಿ ತುಂಬ ಎರೀತೀನಿ, ತೀರ್ಥ ತಗೊಂಡು ಒಂದೀಟು ಉಳೀತದ. ಮೊದಲ ದಾಸಾಳ ಗಿಡಕ್ಕ ಹಾಕ್ತಿದ್ದೆ. ಬೀರಣ್ಣನ ಆಡು ಬಂದು ಅದನ್ನ ಬುಡದ ತನಕಾ ತಿಂದು ಹೋತು. ಇಡೀ ಅಂಗಳದಾಗ ಯಾರೂ ಕಾಲಿಡದ ಜಾಗಾ ಅಂದ್ರ ಇವರ ಬೇಲಿ ಒಳಗಿಂದು. ನಾನೂ ಕಾಲಿಡಬಾರದಲ್ಲ, ಹೊರಗ ನಿಂತು ಕೈ ಚಾಚ್ತೀನಿ. ಅದರ ಬಾಯಿಗೇ ಬೀಳ್ತದ. ಮಡಿ ಜಾಗಾ.”

“ಎಷ್ಟು ವರ್ಷಾತು?” ಲಿಂಗಣ್ಣನ ದನಿ ಸಣ್ಣಗಾಗಿತ್ತು.

“ಚಂದ್ರಕಲಾ ಹುಟ್ಟಿದ ಮರುವರ್ಷದಿಂದ.”

ಮಗಳು ಚಂದ್ರಕಲಾ ಮದುವೆಯಾಗಿ ಹುಣಸಗಿಯಲ್ಲಿದ್ದಾಳೆ. ಇಪ್ಪತ್ತೈದರ ಹೆಣ್ಣು.

ದೇವಿಕಾ ಗಿಂಡಿ ತರಿಸಿದಳು. ಎಂದಿನಂತೆ ಎಷ್ಟು ಉಳಿಯುತ್ತದೋ ಅಷ್ಟು ನೀರನ್ನು ಮಲ್ಲೇಶ್ವರಿ ಗಾಜಿನ ಅಳತೆಗೆ ಸುರಿದಳು. ಲಿಂಗಣ್ಣ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ.

“ಮೂರು ಪಾಯಿಂಟ್ ಸೊನ್ನೆ” ಎಂದ.

ಆ ಮೇಲೆ ಚಹಾ ಆರಿತು. ಯಾರೂ ಕುಡಿಯಲಿಲ್ಲ. ಮಲ್ಲೇಶ್ವರಿಗೆ ತಾನು ಹೇಳಿದ್ದೇನೆಂದು ಅರ್ಥವಾದದ್ದು ಗಂಡನ ಮುಖ ನೋಡಿದ ಮೇಲೆಯೇ. ಬೀರಣ್ಣನ ಕಂಬಳಿ ನಿಜ ಹೇಳಿತ್ತು. ನಸುಕಿನಲ್ಲಿ ಮಳೆ ಬಂದಿರಲಿಲ್ಲ. ಊರು ಪಟ್ಟಿಯಿಂದ ಬಿದ್ದದ್ದು ಗಿಂಡಿಯ ತಳದಲ್ಲುಳಿದ ನೀರಿನಿಂದ.

“ಮುಂದಿನ ವಾರ ಆಕ್ಷೇಪಣಿ ಕೇಳೋ ಸಭಾ ಅದ. ನಾ ಹೇಳ್ಲೋ, ನೀವ ಹೇಳ್ತೀರೋ?” ಎಂದು ದೇವಿಕಾ ಕೇಳಿದಳು.

ನಾನು ಲಿಂಗಣ್ಣನನ್ನು ಪಕ್ಕಕ್ಕೆ ಕರೆದು, ಹೆಣ್ಣುಮಗಳ ಹೆಸರು ತರುವುದು ಬೇಡ, ‘ಕಾರಣ ತಿಳಿದುಬಂದಿಲ್ಲ’ ಎಂದರೆ ಸಾಕು ಎಂದೆ. ಹಾಗೆ ಹೇಳುವಾಗ ನನ್ನ ಕಣ್ಣ ಮುಂದಿದ್ದದ್ದು ಮಲ್ಲೇಶ್ವರಿಯ ಮಾನವಲ್ಲ, ನಾನು ಬರೆದ ಪತ್ರ.  ಲಿಂಗಣ್ಣ ಸಾವುಕಾರರು ಹೊದಿಸಿದ್ದ ಶಾಲನ್ನು ಕಾಗದದಲ್ಲಿ ಸುತ್ತಿಕೊಂಡು ಸಭೆಗೆ ಬಂದ. ಮೊದಲು ಅದನ್ನು ಮೇಜಿನ ಮೇಲಿಟ್ಟ. ಆಮೇಲೆ ನಿಂತುಕೊಂಡು ಎಲ್ಲ ಹೇಳಿದ.

 ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಬೀರಣ್ಣ ಎದ್ದು, “ನನ್ನ ಆಡಿನ ಹೆಸರ ಯಾಕ ತಗದಿ ಲಿಂಗಣ್ಣ? ಅದು ಸತ್ತು ಇಪ್ಪತ್ತು ವರ್ಷಾತು!” ಎಂದು ಕೂಗಿದ. ಮತ್ತಷ್ಟು ನಗೆ.

ಸಂಜೀವಕುಮಾರರು ಮಾತ್ರ ನಗಲಿಲ್ಲ. ಅವರಿಗೆ ಹೊಸದೊಂದು ಹೊಳೆದಿತ್ತು. “ನೋಡ್ರಿ, ಎಲ್ಲಾರಕಿಂತ ಚೊಲೋ ಬರದವನ ಹಕೀಕತ್ತ ಇದು. ಉಳಿದ ಹತ್ತು ಊರಾಗ ಯಾರ್ಯಾರು ಏನೇನ್ ಸುರದಾರೋ, ಏನೇನ್ ಚೆಲ್ಯಾರೋ ಯಾರಿಗಿ ಮಾಲೂಮು? ಇಂಥ ಲೆಕ್ಕದ ಮ್ಯಾಲ ಹವಾಮಾನ ಬದಲಾಗ್ಯಾದಂತ ಹೇಳ್ತೀರೇನು?” ಎಂದರು. ರಜಿಸ್ಟರು ಸರಿ ಇದ್ದಾಗ ಹವಾಮಾನ ಬದಲಾಗಿರಲಿಲ್ಲ. ರಜಿಸ್ಟರು ತಪ್ಪಿದ ಮೇಲೂ ಬದಲಾಗಲಿಲ್ಲ. ಅಂಥ ಗಟ್ಟಿ ಹವಾಮಾನ ಸಾವುಕಾರರದು.

ಯಾರೋ ಫೋನಿನಲ್ಲಿ ಎಲ್ಲ ಹಿಡಿದುಕೊಂಡಿದ್ದರು. ‘ಗಿಂಡಿಯಿಂದ ಮಳೆ ತರಿಸಿದ ತಾಯಿ’ ಎಂಬ ಹೆಸರಿನಲ್ಲಿ ಅದು ಸಂಜೆಯೊಳಗೆ ಹುಣಸಗಿ ತಲುಪಿತು. ಚಂದ್ರಕಲಾಳ ಅತ್ತೆ ಫೋನು ಮಾಡಿ, “ಬೀಗತಿ, ನಮ್ಮ ಹೊಲಕ್ಕೂ ಒಂದೀಟು ಸುರೀರಿ” ಎಂದರಂತೆ. ಮಲ್ಲೇಶ್ವರಿ ನಳದ ನೀರಿಗೆ ಬರುವುದು ಬಿಟ್ಟಳು. ಪಕ್ಕದ ಮನೆಯ ಗೌಹರಬೇಗಂ ಎರಡು ಕೊಡ ಹೆಚ್ಚಿಗೆ ತುಂಬಿ ಆಕೆಯ ಬಾಗಿಲಿಗೆ ಇಡುತ್ತಿದ್ದಳು.

ದೇವಿಕಾ ಇನ್ನೊಂದು ದಾರಿ ಹೇಳಿದಳು. ಯಾವ್ಯಾವ ಸೋಮವಾರ ನೀರು ಬಿದ್ದಿದೆ, ಯಾವ್ಯಾವ ಸೋಮವಾರ ಬಿದ್ದಿಲ್ಲ ಎಂದು ಬಿಡಿಸಿ ಹೇಳಿದರೆ, ಬಿದ್ದವನ್ನಷ್ಟೇ ತೆಗೆದು ಉಳಿದ ದಾಖಲೆ ಉಳಿಸಬಹುದು. ಆಗ ನಮ್ಮೂರೂ ಪಟ್ಟಿಗೆ ಬರಬಹುದು. ಲಿಂಗಣ್ಣನ ಮೂವತ್ತು ವರ್ಷವೂ ಪೂರ್ತಿ ಕಸಕ್ಕೆ ಹೋಗುವುದಿಲ್ಲ. ಗಡುವು ಆ ಶುಕ್ರವಾರದವರೆಗೆ.

ಹಳೆಯ ಪಂಚಾಂಗ ನೋಡಿ ನಾನು ಎಣಿಸಿದೆ. ನೂರಾ ಹನ್ನೊಂದು ಸೋಮವಾರ. ಅಧಿಕ ಶ್ರಾವಣ ಬಂದ ಎರಡು ವರ್ಷಗಳ ಬಗ್ಗೆ ಮಲ್ಲೇಶ್ವರಿಯೇ ನೆನಪಿಸಿದಳು. “ಅಧಿಕದ್ದೂ ಹಿಡೀರಿ ಮಾಸ್ತರ. ಆಗೂ ಎರದೀನಿ.”

ಪಡಸಾಲೆಯಲ್ಲಿ ಇಪ್ಪತ್ನಾಲ್ಕು ರಜಿಸ್ಟರು ಹರಡಿಕೊಂಡು ಮೂವರೂ ಕೂತೆವು. ಲಿಂಗಣ್ಣ ತಾರೀಖು ಓದುತ್ತಿದ್ದ, ಮಲ್ಲೇಶ್ವರಿ ‘ಹಾಕೀನಿ’ ಅಥವಾ ‘ಹಾಕಿಲ್ಲ’ ಎನ್ನುತ್ತಿದ್ದಳು. ಹಾಕಿದ ದಿನದ ಅಂಕಿಯ ಮೇಲೆ ಒಂದು ಗೀಟು, ಅದರ ಮೇಲೆ ‘ಲಭ್ಯವಿಲ್ಲ’ ಎಂಬ ತಿದ್ದುಪಡಿ, ಪಕ್ಕದಲ್ಲಿ ಲಿಂಗಣ್ಣನ ಸಹಿ. ನಿಯಮ ಅದು: ಹೊಡೆದು ಹಾಕಿದ್ದರ ಮೇಲೆ ಸರಿಯಾದದ್ದನ್ನು ಬರೆಯಬೇಕು. ಆಕೆಗೆ ನೆನಪಿರಲಾರದು ಎಂದುಕೊಂಡಿದ್ದೆ. ಆಕೆಗೆ ಪ್ರತಿಯೊಂದೂ ನೆನಪಿತ್ತು. ಹಾಕಿದ ದಿನಗಳಲ್ಲ, ಹಾಕದ ದಿನಗಳು.

“ಈ ಸಾಲಿನ ಎಲ್ಲಾ ಹಾಕೀನಿ. ಮುಂದಿನ ವರ್ಷದ ಮೊದಲನೇದು ಹಾಕಿಲ್ಲ, ಚಂದ್ರಕಲಾಗ ಗೊಬ್ಬರ ಎದ್ದಿತ್ತು, ಮೈತುಂಬ ಗುಳ್ಳಿ, ಜ್ವರ.”

“ಎರಡು ಸಾವಿರದ ಹನ್ನೊಂದು. ಆಗಸ್ಟ್ ಎಂಟು.”

“ಹಾಕಿಲ್ಲ. ನಮ್ಮವ್ವ ತೀರಿಕೊಂಡಿದ್ಲಲ್ಲ, ತವರಿಗಿ, ಬಳಿಚಕ್ರಕ್ಕ ಹೋಗಿದ್ದೆ.”

“ನಾನೂ ಬಂದಿದ್ದೆ ಮಣ್ಣಿಗಿ” ಎಂದ ಲಿಂಗಣ್ಣ.

“ಬಂದಿದ್ರಿ. ಎಂಟೂವರಿ ಅಳತಿ ಮುಗಿಸಿ ಬಸ್ ಹತ್ತಿದ್ರಿ. ಮುಖ ಸಿಗಲಿಲ್ಲ ನಿಮಗ.”

ಲಿಂಗಣ್ಣ ಹಾಳೆ ತಿರುವಿದ. ಆಕೆಯ ದನಿಯಲ್ಲಿ ದೂರು ಇರಲಿಲ್ಲ. ಅದೇ ಕೇಳಲು ಕಷ್ಟವಾಗುತ್ತಿತ್ತು. ನೂರಾ ಹನ್ನೊಂದರಲ್ಲಿ ಹಾಕದವು ಹದಿನಾಲ್ಕೋ ಹದಿನೈದೋ. ಒಂದೊಂದರಲ್ಲೂ ಒಂದು ಜ್ವರ, ಒಂದು ಸಾವು, ಒಂದು ಬಾಣಂತನ. ಆಕೆಯ ಇಪ್ಪತ್ನಾಲ್ಕು ವರ್ಷವನ್ನು ಬರೆಯಹೊರಟರೆ ಅಷ್ಟೇ ದಿನ ಸಾಕೇನೋ ಅನ್ನಿಸಿತು. ಆ ದಿನಗಳಲ್ಲೆಲ್ಲ ರಜಿಸ್ಟರಿನಲ್ಲಿ ಆತನ ಮುದ್ದಾದ ಅಕ್ಷರದಲ್ಲಿ 0.0.

ಗುರುವಾರ ಸಂಜೆಗೆ ಒಂದೇ ಪುಸ್ತಕ ಉಳಿಯಿತು. ಗೆದ್ದಲು ಹಿಡಿದದ್ದೆಂದು ಕೊನೆಗೆ ಇಟ್ಟುಕೊಂಡಿದ್ದೆವು.

“ಎರಡು ಸಾವಿರದ ಆರು. ಆಗಸ್ಟ್ ಏಳು.”

“ಹಾಕಿಲ್ಲ.”

“ಸರಿ. ಮುಂದಿಂದು, ಆಗಸ್ಟ್ ಹದಿನಾಕು.” ಲಿಂಗಣ್ಣ ಬೆರಳು ಕೆಳಗೆ ಜಾರಿಸಿದ.

ಮಲ್ಲೇಶ್ವರಿ ಆಗಸ್ಟ್ ಏಳರ ಸಾಲಿನ ಮೇಲೆ ಕೈಯಿಟ್ಟಳು. “ಅವತ್ತು ಹೊಟ್ಟಿನೋವು ಅಂದಿದ್ನಲ್ಲ. ಗೌಹರಬೇಗಂ ಟಂಟಂ ಆಟೋದಾಗ ಶಹಾಪುರದ ದವಾಖಾನಿಗಿ ಕರ್ಕೊಂಡು ಹೋದ್ಲು. ಮೂರು ತಿಂಗಳಿಂದು ಇತ್ತು. ಹೋತು. ಶ್ರಾವಣ ಮುಗೀಲಿ, ಆಮ್ಯಾಲ ನಿಮಗ ಹೇಳಬೇಕಂತ ಇದ್ದೆ. ಹೇಳೋದು ಉಳೀತು.”

ಅವರಿಗೆ ಚಂದ್ರಕಲಾಳ ಬೆನ್ನಿಗೆ ಮಕ್ಕಳಿಲ್ಲ.

ಲಿಂಗಣ್ಣ ಆ ಸಾಲನ್ನೇ ನೋಡುತ್ತಿದ್ದ. ಅಂಕಿಯ ಆಚೆ ಷರಾ ಬರೆಯುವ ಮನೆಯೊಂದಿರುತ್ತದೆ. ಗುಡುಗು, ಗಾಳಿ, ಆಲಿಕಲ್ಲು ಏನಿದ್ದರೂ ಅಲ್ಲಿ ಬರೆಯಬೇಕು. ಅಂದು ಆತ ಬರೆದಿದ್ದ: ‘ಬಿಸಿಲು. ವಿಶೇಷವೇನೂ ಇಲ್ಲ.’

ಪೆನ್ನು ಎತ್ತಿ, ‘ವಿಶೇಷವೇನೂ ಇಲ್ಲ’ ಎಂಬುದರ ಮೇಲೆ ನೇರವಾದ ಒಂದು ಗೀಟು ಎಳೆದ. ಪಕ್ಕದಲ್ಲಿ ಸಹಿ ಮಾಡಿದ. ಆಮೇಲೆ ಪೆನ್ನಿನ ತುದಿ ಗೀಟಿನ ಮೇಲಿನ ಖಾಲಿ ಜಾಗಕ್ಕೆ ಹೋಗಿ ನಿಂತಿತು. ಮಸಿ ಒಂದು ಚುಕ್ಕೆಯಾಗಿ ಹರಡಿತು. ಅಲ್ಲೇನು ಬರೆಯಬೇಕೆಂದು ಆತ ನನ್ನನ್ನು ಕೇಳಲಿಲ್ಲ.  ನಾನು ಎದ್ದು ಅಂಗಳಕ್ಕೆ ಹೋಗಿ, ಮೋಡವಿಲ್ಲದ ಆಕಾಶವನ್ನು ಬಹಳ ಶ್ರದ್ಧೆಯಿಂದ ನೋಡುತ್ತ ನಿಂತೆ.

ಶುಕ್ರವಾರ ಎಲ್ಲ ಕಳಿಸಿದೆವು. ತನ್ನ ಕೈಲಾದಷ್ಟು ಜಗ್ಗಿದೆನೆಂದು ದೇವಿಕಾ ಆಮೇಲೆ ಫೋನಿನಲ್ಲಿ ಹೇಳಿದಳು. ಉತ್ತರ ಬಂದದ್ದು ಮುಂಗಾರು ತಡವಾಗಿ ಬಂದ ಜೂನ್ ಕೊನೆಗೆ. ಕಟ್ಟೆಯ ಮೇಲೆ ಕೂತು ನಾನೇ ಓದಿ ಹೇಳಿದೆ. ಒಂದು: ನೆನಪಿನ ಆಧಾರದ ಮೇಲೆ ಮಾಡಿದ ತಿದ್ದುಪಡಿ ಪರಿಗಣಿಸಲು ಬರುವುದಿಲ್ಲ. ಎರಡು: ಸದರಿ ಮಳೆಮಾಪಕವನ್ನು ಹಿಂದಕ್ಕೆ ಪಡೆದು, ಪಂಚಾಯ್ತಿ ಮಾಳಿಗೆಯ ಮೇಲೆ ತಾನೇ ಅಳೆಯುವ ಯಂತ್ರ ಕೂರಿಸಲಾಗುವುದು. ಮೂರು: 7-8-2006ರ ಷರಾ ಹೊಡೆದು ಸಹಿ ಮಾಡಲಾಗಿದೆ, ಆದರೆ ತಿದ್ದುಪಡಿ ನಮೂದಿಸಿಲ್ಲ. ಆ ದಿನ ವಿಶೇಷವೇನಿತ್ತೆಂದು ಹದಿನೈದು ದಿನದೊಳಗೆ ವಿವರಣೆ ನೀಡತಕ್ಕದ್ದು.

ಲಿಂಗಣ್ಣ ಮೊದಲ ಎರಡನ್ನು ತಲೆ ತಗ್ಗಿಸಿ ಕೇಳಿದ. ಮೂರನೆಯದಕ್ಕೆ ಮುಖ ಎತ್ತಿದ. “ಇದಕ್ಕೇನಂತ ಜವಾಬು ಬರೀಲಿ ಮಾಸ್ತರ?”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಮಲ್ಲೇಶ್ವರಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಏಳನೆಯ ತರಗತಿಯ ಓದು. ತುಟಿ ಅಲುಗಿಸುತ್ತ ಮೂರನೆಯ ಸಾಲನ್ನು ಎರಡು ಸಲ ಓದಿದಳು.

“ಇವರಾದ್ರೂ ಕೇಳ್ಯಾರಲ್ಲ” ಎಂದಳು. “ಇಷ್ಟು ವರ್ಷದಾಗ ಅವತ್ತೇನಾತಂತ ಕೇಳಿದವರೊಳಗ ಇವರ ಮೊದಲು.”

ಕಾಗದ ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದಳು. ಬಡಿಯುವ ಸದ್ದು ಮತ್ತೆ ಶುರುವಾಯಿತು. ಲಿಂಗಣ್ಣ ಎದ್ದು ಬಾಗಿಲವರೆಗೆ ಹೋದ, ಹೊಸ್ತಿಲು ದಾಟಲಿಲ್ಲ. ಹದಿನೈದು ದಿನ ಕಳೆದವು. ನಾವು ಏನೂ ಬರೆದು ಕಳಿಸಲಿಲ್ಲ. ಪಟ್ಟಿಯಲ್ಲಿ ನಮ್ಮೂರಿನ ಹೆಸರಿಲ್ಲ.